ಆರು ಸೆಂಟು ಮಳೆ

ಕಳೆದ ತಿಂಗಳು ನಿವೃತ್ತರಾದ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿಯ ಸೇವಾ ಪುಸ್ತಕದಲ್ಲಿ ಹನ್ನೊಂದು ವರ್ಷಗಳಿಂದ ಒಂದು ವಾಕ್ಯ ಕುಳಿತಿದೆ: “ಪಾಠದ ವೇಳೆಯಲ್ಲಿ ಮಕ್ಕಳನ್ನು ನಿಷ್ಕಾರಣವಾಗಿ ಹೊರಗೆ ಅಲೆದಾಡಿಸುತ್ತಾರೆ.” ಇದನ್ನು ಬರೆದ ಅಧಿಕಾರಿ ನಮ್ಮ ಶಾಲೆಯ ತನಕ ಬಂದದ್ದು ಒಂದೇ ಸಲ. ಅಂದೂ ಅವರು ಜೀಪಿನಿಂದ ಇಳಿಯಲಿಲ್ಲ. ಅದು ಜಿಗಣೆಗಳ ಕಾಲ, ಅವರ ಬೂಟು ಹೊಸದು. ಆ ವಾಕ್ಯವನ್ನು ನಾನು ಕಣ್ಣಾರೆ ಓದಿದ್ದೇನೆ. ಓದಿದ ಮೇಲೆ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಆ ಶಿಕ್ಷಕಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಕೂಡದೆಂಬುದು ಅವರದೇ ಷರತ್ತು. ನಾವು ಕರೆಯುತ್ತಿದ್ದಂತೆ ‘ಟೀಚರ್’ ಎಂದೇ ಕರೆಯುತ್ತೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಅವರು ನಮ್ಮಲ್ಲಿಗೆ ಬಂದರು. ಗಾಳಿಬೀಡಿನಿಂದ ಆಚೆಗೆ ಒಂದು ಕಾಫಿ ಎಸ್ಟೇಟು. ಅದರ ಅಂಚಿನಲ್ಲಿ, ಕೂಲಿಯವರ ಲೈನು ಮನೆಗಳಿಗೆ ತಾಗಿದಂತೆ, ಒಂದೇ ಕೋಣೆಯ ಸರ್ಕಾರಿ ಶಾಲೆ. ಮಕ್ಕಳೆಲ್ಲ ಲೈನಿನವರೇ. ಒಬ್ಬರ ಮನೆಯಲ್ಲಿ ತಮಿಳು, ಇನ್ನೊಬ್ಬರಲ್ಲಿ ಮಲಯಾಳ, ಮತ್ತೊಬ್ಬರಲ್ಲಿ ತುಳು. ಜಗಳಕ್ಕೆ ಮಾತ್ರ ಎಲ್ಲರಿಗೂ ಕನ್ನಡ. ಲೈನಿಗೆ ಸೇರದವಳು ನಾನೊಬ್ಬಳೇ. ನನ್ನ ತಂದೆ ಎಸ್ಟೇಟಿನ ರೈಟರ್. ಹಾಜರಿ ಬರೆಯುವವರು, ಹಾಗಾಗಿ ಲೈನಿನವರ ಪಾಲಿಗೆ ಸಣ್ಣ ಸರ್ಕಾರ. ನನಗೆ ಕೂರಲು ಮನೆಯಿಂದ ಒಂದು ಹಲಗೆ ಬರುತ್ತಿತ್ತು. ಟೀಚರ್ ಬಂದ ಮೊದಲ ದಿನವೇ ಹಲಗೆಯನ್ನು ಸರದಿಗೆ ಹಾಕಿದರು. ಆ ಸಂಜೆ ನನ್ನ ತಂದೆಗೆ ಅವರ ಬಗ್ಗೆ ಒಂದು ಅಭಿಪ್ರಾಯ ಮೂಡಿತು.

ಅವರ ರೂಪವನ್ನು ನೆನೆದರೆ ಮೊದಲು ಕಾಣುವುದು ಕ್ಯಾನ್ವಾಸ್ ಶೂ. ಗಂಡಸರ ಶೂ. ಅದರ ಮೇಲೆ ಎತ್ತಿ ಕಟ್ಟಿದ ಸೀರೆ, ತುರುಬಿನಲ್ಲಿ ಸಿಕ್ಕಿಸಿದ ಪೆನ್ಸಿಲು, ಕೈಯಲ್ಲಿ ಕೊಡೆ. ಆ ಕೊಡೆಯ ಕೋಲಿಗೆ ಇಂಚಿಂಚಿಗೂ ಚಾಕುವಿನಿಂದ ಗುರುತು ಕೆತ್ತಿದ್ದರು. ಮಳೆಯಿಂದ ಕಾಪಾಡಿದ್ದಕ್ಕಿಂತ ಹೆಚ್ಚಾಗಿ ಅದು ಗಿಡಗಳ ಎತ್ತರ ಅಳೆಯುವುದಕ್ಕೆ ನೆರವಾಗುತ್ತಿತ್ತು. ತರಗತಿಯಲ್ಲಿ ಅವರದು ಪುಸ್ತಕದ ಕನ್ನಡ. ಆದರೆ ಉತ್ಸಾಹ ಹತ್ತಿತೆಂದರೆ ಅವರ ಮನೆಯ ಅರೆಭಾಷೆ ನುಗ್ಗಿ ಬರುತ್ತಿತ್ತು. ಅವರಿಂದ ನಾವು ದಿನಕ್ಕೆ ಇಪ್ಪತ್ತು ಸಲವಾದರೂ ಕೇಳುತ್ತಿದ್ದ ಮಾತು ಒಂದೇ: “ಹೆಂಗೆ ಗೊತ್ತಾತ್?”

ಒಮ್ಮೆ ಒಬ್ಬ ಹುಡುಗಿ ಕಾಲಿಗೆ ಹತ್ತಿದ್ದ ಜಿಗಣೆಯನ್ನು ಕೀಳಲು ಹೋದಳು. ಪಕ್ಕದವಳು, “ಹೊಗೆಸೊಪ್ಪು ಹಾಕೇ, ಅದೇ ಒಳ್ಳೇದು” ಎಂದಳು.

“ಯಾರು ಹೇಳಿದ್ದು?” ಎಂದರು ಟೀಚರ್.

“ನಮ್ಮಜ್ಜಿ.”

“ಅಜ್ಜಿಗೆ ಹೆಂಗೆ ಗೊತ್ತಾತ್?”

“ಅಜ್ಜಿಗೆ ಅವ್ರಜ್ಜಿ ಹೇಳಿರ್ಬೇಕು ಟೀಚರ್.”

“ಹಂಗಾರೆ ಆ ಅಜ್ಜಿಯಿಂದ ಈಚೆ ಯಾರೂ ನೋಡಿಲೆ. ನಾವು ನೋಡುವ.”

ಅಂದು ಕಾಗುಣಿತ ಬದಿಗೆ ಸರಿಯಿತು. ನಾಲ್ಕು ಸ್ಲೇಟು, ನಾಲ್ಕು ಜಿಗಣೆ. ಸುತ್ತಲೂ ಒಂದಕ್ಕೆ ಹೊಗೆಸೊಪ್ಪು, ಒಂದಕ್ಕೆ ಸುಣ್ಣ, ಒಂದಕ್ಕೆ ಉಪ್ಪು, ಒಂದಕ್ಕೆ ಬರೀ ಬೂದಿ. ಯಾವುದು ದಾಟುತ್ತದೆ, ಯಾವುದು ಮುದುರುತ್ತದೆ ಎಂದು ನಾವು ಮೂಗು ತಾಗಿಸಿ ನೋಡುತ್ತಿದ್ದರೆ ಟೀಚರ್ ನಮಗಿಂತ ಜೋರಾಗಿ ಕೂಗುತ್ತಿದ್ದರು. ಬೂದಿಯ ಜಿಗಣೆ ತಪ್ಪಿಸಿಕೊಂಡು ಅವರ ಶೂವಿನೊಳಗೇ ಸೇರಿತು. ಅದನ್ನೂ ಅವರು ಫಲಿತಾಂಶದಲ್ಲಿ ಬರೆಸಿದರು.

ಇನ್ನೊಮ್ಮೆ ಒಂದು ತಂಬಿಗೆ ನೀರು ಹಿಡಿದು ನಮ್ಮನ್ನು ಗುಡ್ಡದ ನೆತ್ತಿಗೆ ಹತ್ತಿಸಿದರು. ನಮ್ಮ ತರಗತಿಯ ಲಚ್ಚಿಯನ್ನು ಗುಡ್ಡದ ಏಣಿನ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಲ್ಲಿಸಿ, ತಂಬಿಗೆಯನ್ನು ನಡುವೆ ಬಗ್ಗಿಸಲು ಹೇಳಿದರು. ನೀರು ಎರಡಾಗಿ ಒಡೆದು ಎರಡು ಕಡೆಗೆ ಹರಿಯಿತು. “ಈ ಕಾಲಿನ ಹತ್ತಿರದ್ದು ಮಂಗಳೂರಿನ ಕಡಲಿಗೆ. ಆ ಕಾಲಿನದ್ದು ಕಾವೇರಿ ಹೊಳೆಗೆ ಹೋಗಿ, ಕುಶಾಲನಗರ ದಾಟಿ, ಮೈಸೂರು ಸೀಮೆಯ ಗದ್ದೆಗಳಿಗೆ” ಎಂದರು ಟೀಚರ್. ಲಚ್ಚಿ ತನ್ನ ಎರಡು ಕಾಲುಗಳನ್ನೂ ಮೊದಲ ಸಲ ನೋಡುವವಳಂತೆ ನೋಡಿಕೊಂಡಳು. ಅವಳ ತಾಯಿ ಹಾಸನದ ಕಡೆಯಿಂದ ಕೂಲಿಗೆ ಬಂದವಳು. ಮಗಳಿಗೆ ಊರೆಂದರೆ ಲೈನು, ಲೈನಿನಾಚೆ ಎಂದರೆ ಕಾಫಿ ಗಿಡ. ಅಂದು ಅವಳು ದೇಶದ ನಡುಗೆರೆಯ ಮೇಲೆ ನಿಂತಿದ್ದಳು. ಅಧಿಕಾರಿಗಳ ಭಾಷೆಯಲ್ಲಿ ಇದರ ಹೆಸರು ನಿಷ್ಕಾರಣ ಅಲೆದಾಟ!

ಮಳೆಯ ವಿಷಯ ಬಂದದ್ದು ಲಚ್ಚಿಯಿಂದಾಗಿಯೇ.

ಡಿಸೆಂಬರಿನಲ್ಲಿ ಕಾಫಿ ಹಣ್ಣಿನ ಪಿಕಿಂಗ್ ಶುರುವಾದರೆ ಶಾಲೆ ಖಾಲಿ. ಹತ್ತು ವರ್ಷದ ಮಕ್ಕಳ ಸೊಂಟಕ್ಕೂ ಬುಟ್ಟಿ ಏರುತ್ತಿತ್ತು. ಫೆಬ್ರವರಿ ಮುಗಿದು ಮರಳಿ ಬಂದವರು ಕಲಿತದ್ದನ್ನು ಮರೆತಿರುತ್ತಿದ್ದರು. ಹಲವರು ಮರಳುತ್ತಲೇ ಇರಲಿಲ್ಲ. ಆ ವರ್ಷ ಲಚ್ಚಿಗೆ ಹನ್ನೊಂದು ತುಂಬಿತ್ತು. ಈ ಸಲ ಹೋದರೆ ಅವಳು ಬರುವುದಿಲ್ಲವೆಂದು ಟೀಚರಿಗೆ ಗೊತ್ತಿತ್ತು. ಸೆಪ್ಟೆಂಬರಿನಲ್ಲೇ ಅವರು ಎಸ್ಟೇಟಿನ ಬಂಗಲೆಗೆ ನಡೆದರು, ಜೊತೆಯಲ್ಲಿ ನಾವು ಆರು ಮಕ್ಕಳು.

ಎಸ್ಟೇಟಿನ ಯಜಮಾನರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ಸೈನ್ಯದಿಂದ ಮರಳಿದವರು, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ನಗು. “ಪಿಕಿಂಗ್ ಮುಗಿಯುವ ತನಕ ಹನ್ನೆರಡಕ್ಕಿಂತ ಸಣ್ಣ ಮಕ್ಕಳಿಗೆ ಬುಟ್ಟಿ ಕೊಡಬಾರದು” ಎಂದರು ಟೀಚರ್.

“ಎಂಥ ಟೀಚರೇ, ಎರಡಕ್ಷರ ಕಲಿತು ಈ ಮಕ್ಕಳು ಮಾಡುವುದೆಂಥ? ನನ್ನ ರೈಟರ ಕೆಲಸ ಮಾಡ್ತಾರಾ?”

“ಮಾಡ್ತಾರೆ. ಯಾವ ಕೆಲಸ ಹೇಳಿ?”

ಸಾವ್ಕಾರ್ರು ಅಂಗಳದತ್ತ ನೋಡಿದರು. ಅಲ್ಲಿ ಸುತ್ತ ಬೇಲಿ ಹಾಕಿದ ತಾಮ್ರದ ಮಳೆಮಾಪಕವಿತ್ತು. ನಮ್ಮ ಕಡೆ ಇಬ್ಬರು ಪ್ಲಾಂಟರುಗಳು ಎದುರಾದರೆ ಕ್ಷೇಮ ವಿಚಾರಿಸುವ ಮೊದಲು “ನಿಮ್ಮಲ್ಲಿ ಎಷ್ಟು ಸೆಂಟು?” ಎನ್ನುತ್ತಾರೆ. ಸೆಂಟೆಂದರೆ ಇಂಚಿನ ನೂರನೆಯ ಒಂದು ಪಾಲು. ಪ್ರತಿದಿನ ಬೆಳಿಗ್ಗೆ ಎಂಟು ಗಂಟೆಗೆ ನನ್ನ ತಂದೆ ಆ ಮಾಪಕದ ಬಳಿ ಹೋಗಿ ಹಿಂದಿನ ದಿನದ ಮಳೆಯನ್ನು ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಆ ಮಳೆಯಲ್ಲಿ ದಿನವಿಡೀ ನೆನೆಯುವವರನ್ನು ಮಾತ್ರ ಎಷ್ಟು ಸೆಂಟೆಂದು ಯಾರೂ ಕೇಳಿದ್ದಿಲ್ಲ.

“ಮಳೆ ಅಳೆಯಲಿ ನೋಡುವ” ಎಂದರು ಸಾವ್ಕಾರ್ರು. “ನಾಳೆಯಿಂದ ತುಲಾ ಸಂಕ್ರಮಣ ಕಳೆದು ಒಂದು ವಾರದ ತನಕ. ದಿನಾ ಎಂಟು ಗಂಟೆಗೆ ನಿಮ್ಮದೊಂದು ಚೀಟಿ, ನನ್ನ ರೈಟರದ್ದೊಂದು ಚೀಟಿ. ಒಂದೇ ಒಂದು ದಿನ ಐದು ಸೆಂಟಿಗಿಂತ ಹೆಚ್ಚು ವ್ಯತ್ಯಾಸ ಬಂದ್ರೆ ನೀವು ಸೋತಿರಿ. ಬರದಿದ್ರೆ ನಿಮ್ಮ ಮಕ್ಕಳ ಸುದ್ದಿಗೆ ನಾನಿಲ್ಲ.”

ನನ್ನ ತಂದೆ ಕೆಮ್ಮಿ, “ಮಳೆ ಅಳಿಯೋದು ಲೈನ್ ಮಕ್ಳು ಕೆಲ್ಸನಾ ಸಾವ್ಕಾರ್ರೇ?” ಎಂದರು.

“ನಿಮಗೆ ಹೆದರಿಕೆಯಾ ರೈಟ್ರೇ?” ಸಾವ್ಕಾರ್ರು ತೊಡೆ ತಟ್ಟಿ ನಕ್ಕರು.

ಮಕ್ಕಳು ಓದುವುದು ಒಬ್ಬರ ತಮಾಷೆಯ ಪಂದ್ಯದ ಮೇಲೆ ನಿಂತಿತ್ತು. ಹಾಗೆ ನಿಲ್ಲುವಂತೆ ಬಿಟ್ಟವರು ಯಾರು ಎಂಬ ಪ್ರಶ್ನೆ ಅಂದು ನನಗೆ ಹೊಳೆದಿರಲಿಲ್ಲ. ಇಂದು ಹೊಳೆಯುತ್ತದೆ.

ಮರುದಿನ ಬಿಸ್ಕತ್ತಿನ ದುಂಡು ಡಬ್ಬ ಬಂತು, ಅದರ ಬಾಯಿಗೆ ಕೂರುವ ತಗಡಿನ ಆಲಿಕೆ ಬಂತು, ಯಾರದೋ ಮನೆಯ ಸಪೂರ ಎಣ್ಣೆ ಸೀಸೆ ಬಂತು. ಡಬ್ಬದಲ್ಲಿ ಒಂದು ಸೆಂಟು ನೀರೆಂದರೆ ಕಣ್ಣಿಗೇ ಕಾಣುವುದಿಲ್ಲ, ಅಳೆಯುವುದು ಹೇಗೆ? ಟೀಚರ್ ಡಬ್ಬಕ್ಕೆ ಸರಿಯಾಗಿ ಒಂದಿಂಚು ನೀರು ತುಂಬಿಸಿ, ಅದನ್ನು ಸೀಸೆಗೆ ಸುರಿಯಲು ಹೇಳಿದರು. ಸೀಸೆಯಲ್ಲಿ ನೀರು ಐದಿಂಚು ಏರಿತು. ನಾವು ಕಿರುಚಿಕೊಂಡೆವು.

“ನೀರು ಹೆಚ್ಚಾತಾ?”

“ಇಲ್ಲ ಟೀಚರ್, ಸೀಸೆ ಸಪೂರ ಅದೆ” ಎಂದಳು ಲಚ್ಚಿ.

“ಹೆಂಗೆ ಗೊತ್ತಾತ್?”

ಲಚ್ಚಿ ನೀರನ್ನು ಸೀಸೆಯಿಂದ ತಿರುಗಿ ಡಬ್ಬಕ್ಕೆ ಸುರಿದು, ಕೊಡೆಯ ಕೋಲನ್ನು ಇಳಿಸಿ ತೋರಿಸಿದಳು. ಮತ್ತೆ ಒಂದೇ ಇಂಚು. ಟೀಚರ್ ಅವಳನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿದರು. ತುರುಬಿನ ಪೆನ್ಸಿಲು ಹಾರಿ ಹೋಗಿ ಬಹಳ ಹೊತ್ತು ಸಿಗಲಿಲ್ಲ. ಅನಂತರ ಸೀಸೆಗೆ ಕಾಗದದ ಪಟ್ಟಿ ಅಂಟಿಸಿ, ಐದಿಂಚನ್ನು ಐವತ್ತು ಗೆರೆಯಾಗಿ ವಿಂಗಡಿಸಿದೆವು. ಗೆರೆಗೆ ಎರಡು ಸೆಂಟು.

ಪ್ರತಿ ದಿನದ ಅಳತೆಯನ್ನು ಬರೆಯಲು ಒಂದು ಹಾಳೆ. ತಾರೀಕು, ಆಕಾಶ, ಸೆಂಟು, ನೋಡಿದವರು. ಕೊನೆಯಲ್ಲಿ ಟೀಚರ್ ಸಹಿಯ ಬದಲು ಒಂದೇ ಪದ ಬರೆಯುತ್ತಿದ್ದರು: ‘ನೋಡಿದೆ’. ಕಣ್ಣಿನಿಂದ ನೋಡದೆ ಆ ಪದವನ್ನು ಅವರು ಬರೆಯುತ್ತಿರಲಿಲ್ಲ. ಕಣ್ಣು ಬೇನೆಯಿದ್ದಾಗಲೂ ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ ನೋಡಿದ್ದರು.

ಆ ಒಂದು ತಿಂಗಳು! ಲೈನಿನ ಹೆಂಗಸರು ಕೆಲಸಕ್ಕೆ ಹೋಗುವಾಗ ಶಾಲೆಯ ಬೇಲಿಯಾಚೆ ನಿಂತು “ಎಷ್ಟಾಯ್ತ್ರೇ ಮಕ್ಳಾ ಸೆಂಟು?” ಎಂದು ಕೇಳತೊಡಗಿದರು. ನನ್ನ ತಂದೆ ಊಟಕ್ಕೆ ಕುಳಿತು, “ಇವತ್ತು ನಂದು ಒಂದಿಂಚು ಇಪ್ಪತ್ತು. ಅವ್ರುದ್ದು ಒಂದಿಂಚು ಹದಿನೆಂಟು” ಎಂದು ತಾಯಿಗೆ ಹೇಳುವಾಗ ಅವರ ದನಿಯಲ್ಲಿ ಸಿಟ್ಟು ಕಡಿಮೆಯಾಗಿ ಬೇರೇನೋ ಸೇರಿಕೊಂಡಿತ್ತು. ಎರಡು ಸೆಂಟು, ಮೂರು ಸೆಂಟು, ಒಮ್ಮೆ ನಾಲ್ಕು. ಐದನ್ನು ನಾವು ದಾಟಲಿಲ್ಲ.

ತುಲಾ ಸಂಕ್ರಮಣ ಬಂತು. ತಲಕಾವೇರಿಗೆ ಹೋಗಿದ್ದ ತಂದೆತಾಯಿ ಸಂಜೆಗೆ ತೀರ್ಥ ತಂದರು. ಮರುದಿನ ಮುಂಜಾನೆ ತೀರ್ಥವನ್ನು ಒಂದು ಬಟ್ಟಲಿಗೆ ಸುರಿದು ತುಳಸಿ ಹಾಕಿ ದೇವರ ಮುಂದಿಟ್ಟ ತಾಯಿ, ಅದರಿಂದ ಬಾವಿಗೆ ನಾಲ್ಕು ಹನಿ, ದನದ ಹಟ್ಟಿಗೆ ನಾಲ್ಕು ಹನಿ ಹಾಕಿದರು. ಒಳ್ಳೆಯದಾಗಬೇಕಾದ ಎಲ್ಲದಕ್ಕೂ ಕಾವೇರಮ್ಮನ ತೀರ್ಥ ಬೀಳುತ್ತದೆ. ಹಾಗಿದ್ದರೆ ನಮ್ಮ ಡಬ್ಬ ಮಾಡಿದ ಪಾಪವೇನು? ಪಂದ್ಯಕ್ಕೆ ಇನ್ನೊಂದೇ ವಾರ ಉಳಿದಿತ್ತು, ಲಚ್ಚಿ ಗೆಲ್ಲಬೇಕಿತ್ತು. ಬಟ್ಟಲನ್ನು ಲಂಗದ ಮರೆಯಲ್ಲಿ ಹಿಡಿದು ಓಡಿದೆ. ಶಾಲೆಯಲ್ಲಿ ಯಾರೂ ಇರಲಿಲ್ಲ. ಕಣ್ಣು ಮುಚ್ಚಿ, ಉದ್ಧರಣೆಯಿಂದ ನಾಲ್ಕು ಸಲ ಆಲಿಕೆಗೆ ತೀರ್ಥ ಹಾಕಿ, ಕೈ ಮುಗಿದು ಮನೆಗೆ ಬಂದೆ.

ಎಂಟು ಗಂಟೆಗೆ ಸೀಸೆಯಲ್ಲಿ ಮೂರು ಗೆರೆ. ಆರು ಸೆಂಟು. ಟೀಚರ್ ‘ನೋಡಿದೆ’ ಎಂದು ಬರೆದು ಚೀಟಿ ಕಳುಹಿಸಿದರು. ಸ್ವಲ್ಪ ಹೊತ್ತಿಗೆ ಬಂಗಲೆಯಿಂದ ತಂದೆಯ ಚೀಟಿ ಬಂತು: ‘ನಿಲ್’, ಎಂದರೆ ಸೊನ್ನೆ.

ವ್ಯತ್ಯಾಸ ಆರು. ಟೀಚರ್ ಮುಖ ಕೆಂಪೇರಿಸಿಕೊಂಡು, “ಗುಡ್ಡದ ಸೀಮೆಯಲ್ಲಿ ಒಂದು ಮಗ್ಗುಲಿಗೆ ಬಿದ್ದ ಮಳೆ ಇನ್ನೊಂದಕ್ಕೆ ಬೀಳಬೇಕೆಂದಿಲ್ಲ. ನಮ್ಮ ಅಳತೆ ಸರಿ” ಎಂದರು. ನಾವೆಲ್ಲ “ಸರಿ! ಸರಿ!” ಎಂದು ಕೂಗಿದೆವು. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು; ಆ ಮೂರು ಗೆರೆ ಯಾವ ನೀರಿನದೆಂದು ಅಷ್ಟರಲ್ಲಿ ನನಗೆ ಅರ್ಥವಾಗಿತ್ತು.

ಲಚ್ಚಿ ಮಾತ್ರ ಕೂಗಲಿಲ್ಲ. ಹೊರಗೆ ಹೋಗಿ ಬಂದು, “ಟೀಚರ್, ನೆರಳಿನ ಗೆರೆ ಹಂಗೇ ಅದೆ” ಎಂದಳು.

ಹಿಂದಿನ ಮಧ್ಯಾಹ್ನ ನಾವು ಬಾವುಟದ ಕಂಬದ ನೆರಳನ್ನು ಅಂಗಳದ ಕಲ್ಲುಚಪ್ಪಡಿಯ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿದ್ದೆವು. ಎಲ್ಲರೂ ಓಡಿದೆವು. ಗೆರೆ ಬರೆದಂತೆಯೇ ಇತ್ತು. ಪಕ್ಕದ ಕಸದ ಬೂದಿಯ ಮೇಲೂ ಒಂದು ಹನಿಯ ಗುಳಿಯಿರಲಿಲ್ಲ. ಲಚ್ಚಿ ಆಲಿಕೆಯೊಳಗೆ ಬೆರಳು ಹಾಕಿದಳು. ಬೆರಳಿಗೆ ಅಂಟಿಕೊಂಡು ಒಂದು ತುಳಸಿ ಎಲೆ ಬಂತು.

“ಮಳೆ ಬಂದಿಲೆ” ಎಂದರು ಟೀಚರ್ ಮೆಲ್ಲಗೆ. “ತೀರ್ಥ ಇದು. ಯಾರು ಹಾಕಿದ್ದು?”

ಯಾರೂ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಅವರು ಎರಡನೆಯ ಸಲ ಕೇಳಲಿಲ್ಲ. ಹಾಳೆಯಲ್ಲಿ ತಾವೇ ಬರೆದಿದ್ದ ‘ನೋಡಿದೆ’ಯನ್ನು ಹೊಡೆದು ಹಾಕಿದರು. “ಸೀಸೆ ನೋಡಿದೆ. ನೆಲ ನೋಡಲಿಲ್ಲ. ಮೊದಲನೇ ತಪ್ಪು ನನ್ನದು. ನಡೀರಿ.”

“ಎಲ್ಲಿಗೆ ಟೀಚರ್?”

“ಬಂಗಲೆಗೆ. ನಮ್ಮ ಲೆಕ್ಕ ತಪ್ಪು ಅಂತ ಹೇಳಿ ಬರುವ.”

ಹೇಳಿದರೆ ಪಂದ್ಯ ಸೋತಂತೆ, ಲಚ್ಚಿಯ ಸೊಂಟಕ್ಕೆ ಬುಟ್ಟಿ ಬಂದಂತೆ. ಗುಡ್ಡದ ಮಳೆಯ ಸಬೂಬು ಕೈಯಲ್ಲೇ ಇತ್ತು. ಸಾವ್ಕಾರ್ರು ನಂಬುತ್ತಲೂ ಇದ್ದರೇನೋ. ಟೀಚರ್ ಅದನ್ನು ಬಿಟ್ಟು ನಡೆದರು. ಹಿಂದೆ ನಾವು ಇಪ್ಪತ್ತೆರಡು ಮಕ್ಕಳು. ಅಂಥ ಮೆರವಣಿಗೆಯನ್ನು ಆಮೇಲೆ ನಾನು ಮೈಸೂರಿನಲ್ಲೂ ನೋಡಿಲ್ಲ.

ಬಂಗಲೆಯ ಜಗಲಿಯಲ್ಲಿ ಟೀಚರ್ ನಡೆದದ್ದನ್ನು ನಡೆದಂತೆ ಹೇಳಿದರು. ಗೆರೆ, ಬೂದಿ, ತುಳಸಿ. ಸಾವ್ಕಾರ್ರ ನಗು ನಿಂತಿತು. “ಹಾಗಾದ್ರೆ ಸೋತಿರಲ್ಲ ಟೀಚರೇ. ನನ್ನ ರೈಟರದ್ದೇ ಸರಿಯಾಯ್ತು.”

“ಹೌದು” ಎಂದರು ಟೀಚರ್.

ಆಗ ಲಚ್ಚಿ ನನ್ನ ತಂದೆಯ ಕಡೆ ತಿರುಗಿದಳು. ತುಂಟತನದಿಂದಲ್ಲ, ಅಭ್ಯಾಸಬಲದಿಂದ. ಶಾಲೆಯಲ್ಲಿ ಯಾರು ಯಾವ ಅಂಕಿ ಹೇಳಿದರೂ ಕೇಳಬೇಕಾದದ್ದನ್ನೇ ಕೇಳಿದಳು. “ರೈಟ್ರೇ, ನಿಮ್ಗೆಂಗೆ ಗೊತ್ತಾತ್?”

ಲೈನಿನ ಮಗುವೊಂದು ರೈಟರನ್ನು ಪ್ರಶ್ನಿಸಿದ್ದು ಆ ಎಸ್ಟೇಟಿನಲ್ಲಿ ಅದೇ ಮೊದಲು. ಹೊರಗೆ ಕಸ ಗುಡಿಸುತ್ತಿದ್ದವನ ಪೊರಕೆ ನಿಂತಿತು. ನನ್ನ ತಂದೆ ಮಕ್ಕಳ ಗುಂಪಿನಲ್ಲಿದ್ದ ನನ್ನನ್ನು ನೋಡಿದರು.

“ನೋಡಿದ್ರಾ ರೈಟ್ರೇ?” ಎಂದರು ಸಾವ್ಕಾರ್ರು.

“ಇಲ್ಲ ಸಾವ್ಕಾರ್ರೇ. ತಲಕಾವೇರಿಯಿಂದ ಬಂದು ಸುಸ್ತಾಗಿತ್ತು. ಮಾಪಕದ ತಾವ್ಕೆ ಹೋಗ್ಲಿಲ್ಲ. ಆಫೀಸಲ್ಲೇ ಕೂತು ‘ನಿಲ್’ ಅಂತ ಬರ್ದೆ.”

ನನ್ನ ತಂದೆ ಕಡುಕೋಪಿ, ಹಮ್ಮಿನ ಮನುಷ್ಯ. ಆದರೂ ತಮ್ಮ ಕೈಕೆಳಗಿನ ಕೂಲಿಯ ಮಗಳ ಎದುರು ಅವರು ನಿಜ ಹೇಳಿದರು. ಮೂರು ಮಾರು ದೂರದಲ್ಲಿ ನಿಂತಿದ್ದ ಅವರ ಮಗಳು ಹೇಳಲಿಲ್ಲ.

ಸಾವ್ಕಾರ್ರು ಎರಡು ಚೀಟಿಗಳನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದರು. “ಇದರಲ್ಲಿ ನೋಡಿ ಬರೆದದ್ದು ತಪ್ಪು, ಸರಿ ಬರೆದದ್ದು ನೋಡದೆ! ನಿನ್ನೆ ಮಳೆ ಬಂದಿಲ್ಲ ಅಂತ ಈ ಎಸ್ಟೇಟಿನಲ್ಲಿ ನಿಜವಾಗಿ ಗೊತ್ತಿರುವುದು ಈ ಹುಡುಗಿಗೆ ಮಾತ್ರ, ಅಲ್ವಾ?” ಎಂದರು. ಅನಂತರ ತಂದೆಗೆ, “ಈ ಪಿಕಿಂಗಿಗೆ ಸಣ್ಣ ಮಕ್ಕಳಿಗೆ ಬುಟ್ಟಿ ಬೇಡ ರೈಟ್ರೇ” ಎಂದು ಹೇಳಿ ಒಳಗೆ ಹೋದರು. ನಾವು ಗುಡ್ಡ ಇಳಿಯುವಾಗ ಹಾಕಿದ ಕೇಕೆಗೆ ಓಕ್ ಮರಗಳ ಹಕ್ಕಿಗಳೆಲ್ಲ ಎದ್ದವು. ಆ ವರ್ಷ ಲಚ್ಚಿ ಪಿಕಿಂಗಿನ ಮೂರು ತಿಂಗಳೂ ಶಾಲೆಯಲ್ಲಿದ್ದಳು.

ಆ ವರ್ಷ ಮಾತ್ರ. ಮರುವರ್ಷದ ಮಳೆಗಾಲದಲ್ಲಿ ಜೀಪು ಬಂತು. ಆಗ ನಾವು ತೊರೆಯ ಬಳಿ ಮಳೆಗೆ ಎಷ್ಟು ಮಣ್ಣು ಕೊಚ್ಚಿಹೋಗುತ್ತದೆಂದು ಅಳೆಯಲು ಕದಡಿದ ನೀರನ್ನು ಸೀಸೆಗಳಲ್ಲಿ ತುಂಬಿಸುತ್ತಿದ್ದೆವು. ಜೀಪು ಹೋಯಿತು, ವರದಿ ಹೋಯಿತು, ಟೀಚರಿಗೆ ಬಿಟ್ಟಂಗಾಲದ ಕಡೆಗೆ ವರ್ಗವಾಯಿತು. ನಮ್ಮ ಶಾಲೆಗೆ ಹೊಸಬರನ್ನು ಹಾಕಲು ಇಲಾಖೆಗೆ ಒಂದು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಬೀಗ ಬಿದ್ದ ಶಾಲೆಯ ಮಕ್ಕಳಿಗೆ ಬುಟ್ಟಿ ಬೇಡವೆನ್ನಲು ಸಾವ್ಕಾರ್ರಿಗೂ ಕಾರಣ ಉಳಿಯಲಿಲ್ಲ. ಆ ಡಿಸೆಂಬರಿನಲ್ಲಿ ಲಚ್ಚಿ ಬುಟ್ಟಿ ಕಟ್ಟಿಕೊಂಡಳು. ಇಂದಿಗೂ ಬಿಚ್ಚಿಲ್ಲ. ನಾನು ಮಡಿಕೇರಿಗೆ ಓದಲು ಹೋದೆ, ಮೈಸೂರಿಗೆ ಹೋದೆ, ಪತ್ರಿಕೆಗಳಿಗೆ ಬರೆಯತೊಡಗಿದೆ, ಮಂತ್ರಿಗಳಿಂದ ಹಿಡಿದು ತಾಲ್ಲೂಕು ಕಚೇರಿಯವರೆಗೆ ಎಲ್ಲರನ್ನೂ ಜವಾಬು ಕೇಳತೊಡಗಿದೆ.

ನಿವೃತ್ತಿಯ ಸುದ್ದಿ ತಿಳಿದು, ಕಳೆದ ವಾರ ಗಾಳಿಬೀಡಿನ ಅವರ ಮನೆಗೆ ಹೋದೆ. ಅಂಗಳದಲ್ಲಿ ಒಂದು ಬಿಸ್ಕತ್ತಿನ ಡಬ್ಬ, ಆಲಿಕೆ. ಕಾಲಿನಲ್ಲಿ ಅದೇ ಬಗೆಯ ಶೂ.

“ಓ, ರೈಟರ ಮಗಳು! ಪೇಪರಿಗೆ ಬರಿತಿಯಂತೆ? ಎಲ್ಲರನ್ನೂ ಬೈತಿಯಂತೆ?”

ಬೆಲ್ಲದ ಕಾಫಿ ಕೊಟ್ಟು, ಕೇಳಿದ್ದಕ್ಕೆ ಸೇವಾ ಪುಸ್ತಕ ತೋರಿಸಿದರು. ಆ ವಾಕ್ಯ ಓದಿ ನಾನು ಉರಿದೆದ್ದೆ. ಇದನ್ನು ಬಿಡುವುದಿಲ್ಲ, ಬರೆಯುತ್ತೇನೆ ಎಂದೆ. ಅವರು ಸುಮ್ಮನೆ ಅಂಗಳದ ಡಬ್ಬವನ್ನು ನೋಡುತ್ತಿದ್ದರು.

“ಟೀಚರ್, ಆ ತೀರ್ಥ…”

“ಗೊತ್ತುಟ್ಟು.”

“ಹೆಂಗೆ ಗೊತ್ತಾತ್?” ಅವರ ಪ್ರಶ್ನೆಯನ್ನು ಅವರಿಗೇ ಕೇಳಿದ್ದೆ.

ಅವರ ಕಣ್ಣು ಅರಳಿತು. “ಕಪ್ಪು ತುಳಸಿ. ಅವತ್ತು ಸಂಜೆ ಲೈನಿನ ಒಂದೊಂದು ಮನೆ ಮುಂದೆಯೂ ಹೋಗಿ ನೋಡಿದೆ, ಎಲ್ಲ ಕಡೆ ಬಿಳಿ ತುಳಸಿ. ಬಂಗಲೆಯಲ್ಲಿ ತುಳಸಿಯೇ ಇಲ್ಲ. ಕಪ್ಪು ತುಳಸಿ ಇದ್ದದ್ದು ನಿಮ್ಮ ಕಟ್ಟೆಯಲ್ಲಿ ಮಾತ್ರ.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀನಾಗಿ ಹೇಳ್ತಿಯಾ ಅಂತ ನೋಡ್ತಿದ್ದೆ ಮಗ. ಹನ್ನೆರಡು ವರ್ಷ ಆತ್.”

ಒಳಗೆ ಹೋಗಿ ಒಂದು ಹಾಳೆ ತಂದರು. ಅಂಚು ಹರಿದಿತ್ತು, ಶಾಯಿ ಕಂದಿತ್ತು. ಹೊಡೆದು ಹಾಕಿದ ‘ನೋಡಿದೆ’ಯ ಕೆಳಗೆ ಅವರದೇ ಅಕ್ಷರ: “ಮಳೆ ಇಲ್ಲ. ಡಬ್ಬದೊಳಗೆ ತೀರ್ಥ. ನೆಲ ನೋಡದೆ ಬರೆದವರು: ನಾನು. ತೀರ್ಥ ಹಾಕಿದವರು:” ಮುಂದೆ ಖಾಲಿ. ಅವರು ತುರುಬಿನಿಂದ ಪೆನ್ಸಿಲು ಕಿತ್ತು ಕೊಟ್ಟರು. ಬಿಳಿಯ ತುರುಬು ಈಗ. ನಾನು ನನ್ನ ಪೂರ್ತಿ ಹೆಸರು ಬರೆದೆ.

ಅವರು ಹಾಳೆಯನ್ನು ಬೆಳಕಿಗೆ ಹಿಡಿದು ಓದಿದರು. ಪೆನ್ಸಿಲು ತಿರುಗಿ ತೆಗೆದುಕೊಂಡು, ನನ್ನ ಹೆಸರಿನ ಪಕ್ಕದಲ್ಲಿ ‘ನೋಡಿದೆ’ ಎಂದು ಬರೆದರು.

“ಆತ್. ಇನ್ನು ನೀನು ಯಾರನ್ನ ಬೇಕಾರೂ ಕೇಳು.”

ಆದ್ದರಿಂದ, ಜೀಪಿನಲ್ಲಿ ಕುಳಿತಿದ್ದ ಮಹನೀಯರೇ, ನೀವು ಈಗ ಎಲ್ಲಿದ್ದೀರೋ, ಎಷ್ಟು ದೊಡ್ಡ ಹುದ್ದೆಯಲ್ಲಿದ್ದೀರೋ ಅರಿಯೆ. ಆ ಮಕ್ಕಳು ತೊರೆಯ ಬಳಿ ಏನು ಮಾಡುತ್ತಿದ್ದರೆಂದು ನೀವು ಇಳಿದು ನೋಡಲಿಲ್ಲ, ನಿಷ್ಕಾರಣವೆಂದು ಬರೆದಿರಿ. ಲಚ್ಚಿ ಇನ್ನೂ ಅದೇ ಲೈನಿನಲ್ಲಿದ್ದಾಳೆ, ಅವಳಿಗೂ ಉತ್ತರ ಬೇಕು. ಹೇಳಿ, ನಿಮಗೆ ಹೆಂಗೆ ಗೊತ್ತಾತ್?